ಪಾಲಿಶ್ ಚಾಚಾನ ಕೆಂಪು ಬಾವುಟಗಳು

ಭಾನುವಾರ ಮಗುವಿನ ಬಾಯಿಗೆ ಮೊದಲ ತುತ್ತು ಇಡುವವನು ಪಾಲಿಶ್ ಚಾಚಾ, ಅದೂ ಹಸ್ಸಾರ್ ಮೀನಿನ ತುತ್ತು ಎಂದು ಅತ್ತೆ ಹೇಳಿದ ಗಳಿಗೆಯಿಂದ ಓಮಾವತಿಯ ತಲೆಯೊಳಗೆ ಒಂದು ಚಿಂತೆ ಕೂತುಬಿಟ್ಟಿತ್ತು. ಪಾತ್ರೆ ತೊಳೆದರೂ ಅದು ಅಲ್ಲೇ, ಬಟ್ಟೆ ಹಿಂಡಿದರೂ ಅಲ್ಲೇ, ಮಗು ಹಾಲು ಕುಡಿದು ನಿದ್ದೆಹೋದರೂ ಅಲ್ಲೇ.

ಚಿಂತೆ ಅವಳಿಗೆ ಹೊಸದಲ್ಲ. ಜಾರ್ಜ್‌ಟೌನ್ ಪಟ್ಟಣದಲ್ಲಿ ಓದಿ ಬೆಳೆದು, ಮಹೈಕೋನಿ ಹೊಳೆಯ ಪಕ್ಕದ ಈ ಭತ್ತದ ಊರಿಗೆ ಸೊಸೆಯಾಗಿ ಬಂದವಳು. ಶಿವಾನಿ ಹುಟ್ಟಿದ ಮೇಲಂತೂ ಮಳೆನೀರಿನ ತೊಟ್ಟಿಯಲ್ಲಿ ಹಲ್ಲಿ ಬಿದ್ದಿದ್ದರೆ, ಅಂಗಳದ ತೆಂಗಿನಕಾಯಿ ತಲೆ ಮೇಲೆ ಉದುರಿದರೆ, ಮಗು ಹೆಚ್ಚು ಹೊತ್ತು ಮಲಗಿದರೆ, ಮಲಗದೇ ಇದ್ದರೆ ಎಂದು ಆರೋಗ್ಯ ಕೇಂದ್ರದ ದಾದಿಗೆ ಫೋನ್ ಮಾಡಿ ಮಾಡಿ ಸಾಕುಸಾಕಾಗಿಸಿದ್ದಳು. ಕಡೆಗೊಮ್ಮೆ ಆ ದಾದಿ, “ಓಮಾ, ಮಗು ಉಸಿರಾಡ್ತಿದೆ ತಾನೇ? ಹಾಗಾದ್ರೆ ನೀನೂ ಸ್ವಲ್ಪ ಉಸಿರಾಡು” ಎಂದು ಫೋನ್ ಇಟ್ಟುಬಿಟ್ಟಿದ್ದಳು. ಅದು ಊರೆಲ್ಲ ಹಬ್ಬಿ, ಗಂಡ ರವೀನ್ ಟ್ರ್ಯಾಕ್ಟರ್ ಓಡಿಸುವ ಗದ್ದೆಗಳಲ್ಲೂ ನಗೆಯಾಯಿತು. ಇನ್ನು ತನ್ನನ್ನು ಕೇಳದೆ ಯಾರಿಗೂ ಫೋನ್ ಮಾಡಕೂಡದು ಎಂದು ಅವನು ಅವಳಿಂದ ಮಾತು ತೆಗೆದುಕೊಂಡ. ಹೆಂಡತಿ ಹೆದರುತ್ತಾಳೆ ಎನ್ನುವುದಕ್ಕಿಂತ ಜನ ನಗುತ್ತಾರೆ ಎನ್ನುವುದೇ ಅವನಿಗೆ ದೊಡ್ಡ ಕಾಯಿಲೆ.

ಆದರೆ ಆ ಚಿಂತೆಗಳೆಲ್ಲ ‘ಹೀಗಾದರೆ’ ಎನ್ನುವ ಜಾತಿಯವು. ಇದು ಹಾಗಲ್ಲ. ಇದನ್ನು ಅವಳು ಕಣ್ಣಾರೆ ಕಂಡಿದ್ದಳು.

ಮಂಗಳವಾರ ಮಧ್ಯಾಹ್ನ ಹಿಂಜಗಲಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲರ ಮನೆಯಂತೆ ಇವರದೂ ಎತ್ತರದ ಕಂಬಗಳ ಮೇಲೆ ನಿಂತ ಹಲಗೆಮನೆ. ಜಗಲಿಯಿಂದ ನೋಡಿದರೆ ದೊಡ್ಡ ಕಾಲುವೆ, ಅದರಾಚೆ ಗದ್ದೆ, ಕಾಲುವೆಯ ಅಂಚಿನಲ್ಲಿ ಅಲ್ಲಲ್ಲಿ ಬಿದಿರುಕೋಲಿಗೆ ಕಟ್ಟಿದ ಕೆಂಪು ಬಾವುಟ. ಊರು ಉಂಡು ಮನೆಯಡಿಯ ಜೋಲಿಗಳಲ್ಲಿ ಬಿದ್ದುಕೊಂಡಿದ್ದ ಹೊತ್ತು. ಪಾಲಿಶ್ ಚಾಚಾ ಒಬ್ಬನೇ ದೋಣಿಯಲ್ಲಿ ಬಂದ. ಒಂದು ಬಾವುಟದ ಬುಡದಲ್ಲಿ ದೋಣಿ ನಿಲ್ಲಿಸಿದ.

ಬಾವುಟದ ಬುಡದಲ್ಲಿ ಹಸ್ಸಾರ್ ಗೂಡು. ಗಂಡು ಹಸ್ಸಾರ್ ಬಾಯಲ್ಲಿ ಗುಳ್ಳೆ ಊದಿ ಊದಿ, ಹುಲ್ಲಿನ ಎಳೆ ಕಚ್ಚಿ ತಂದು ಸೇರಿಸಿ ನೀರಿನ ಮೇಲೆ ಕಟ್ಟುವ ಬಿಳಿ ನೊರೆಯ ಮುದ್ದೆ ಅದು. ಮೊಟ್ಟೆಗಳು ನೊರೆಯೊಳಗೆ, ಅಪ್ಪ ಅದರ ಕೆಳಗೆ. ಮರಿ ಹೊರಬರುವತನಕ ಅದು ಊಟ ಬಿಟ್ಟು ಅಲ್ಲೇ ನಿಂತಿರುತ್ತದೆ. ಮೈತುಂಬ ಚಿಪ್ಪಿನ ಪಟ್ಟಿಗಳು, ರೆಕ್ಕೆಯ ತುದಿಯಲ್ಲಿ ಮುಳ್ಳು. ಬೆರಳು ಹಾಕಿದವನ ಬೆರಳಿನಿಂದ ರಕ್ತ ಬರಿಸದೆ ಬಿಡುವುದಿಲ್ಲ.

ಪಾಲಿಶ್ ಚಾಚಾ ತನ್ನ ಬೆರಳುಗಳ ಬಗ್ಗೆ ಬಹಳ ಕಾಳಜಿಯ ಮನುಷ್ಯ. ಜೇಬಿನಿಂದ ಹಸಿರು ಮುಚ್ಚಳದ ಬಿಳಿ ಬಾಟಲಿ ತೆಗೆದ. ಭತ್ತದ ಹುಳಕ್ಕೆ ಹೊಡೆಯುವ ಔಷಧಿ; ಆ ಬಾಟಲಿ ಊರಿನಲ್ಲಿ ಯಾರ ಮನೆಯಲ್ಲಿಲ್ಲ? ಒಂದು ಮುಚ್ಚಳ ಅಳೆದು ನೊರೆಯ ಪಕ್ಕ ನಯವಾಗಿ ಸುರಿದ, ದೇವರಿಗೆ ತೀರ್ಥ ಬಿಡುವ ಹಾಗೆ. ಬೀಡಿ ಹಚ್ಚಿ ಕಾದ. ಸ್ವಲ್ಪ ಹೊತ್ತಿಗೆ ಹಸ್ಸಾರ್ ಕುಡಿದವನಂತೆ ತೂರಾಡುತ್ತ ಮೇಲೆ ಬಂತು, ಮಗ್ಗುಲಾಯಿತು. ಚಾಚಾ ಅದನ್ನು ಅಕ್ಕಿ ಜರಡಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದ. ನೊರೆ ಒಂದಿಷ್ಟೂ ಕದಡಲಿಲ್ಲ. ವಾಲಿದ್ದ ಬಾವುಟ ನೆಟ್ಟಗೆ ಮಾಡಿ, ಅದಕ್ಕೆ ಕೈಮುಗಿದು, ಮುಂದಿನ ಬಾವುಟಕ್ಕೆ ದೋಣಿ ತಿರುಗಿಸಿದ. ಅಲ್ಲೂ ಸುರಿದು ಖಾಲಿಯಾದ ಬಾಟಲಿಯನ್ನು ಮುಚ್ಚಿ ನೀರಿಗೆ ಎಸೆದ. ಅದು ತೇಲುತ್ತ ಬಂದು ಇವರ ಮನೆಯ ಮೆಟ್ಟಿಲಿಗೇ ತಗಲಿಕೊಂಡಿತು.

ಸಂಜೆ ಅದೇ ಬಕೆಟ್ಟಿನಿಂದ ಒಂದಷ್ಟು ಮೀನು ಇವರ ಅಡುಗೆಮನೆಗೆ ಬಂತು. ಬಾಣಂತಿಗೆ ಹಸ್ಸಾರ್ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಎಂದು ಅತ್ತೆಯ ನಂಬಿಕೆ, ಹಂಚಿದರೆ ಹೆಸರು ಬರುತ್ತದೆ ಎಂದು ಚಾಚಾನ ನಂಬಿಕೆ. ಬದುಕಿರುವ ಹಸ್ಸಾರ್ ಬಕೆಟ್ಟಿನಲ್ಲಿ ಸುಮ್ಮನಿರುವ ಪ್ರಾಣಿಯಲ್ಲ. ಗೊರಗೊರ ಎನ್ನುತ್ತ, ಚಿಪ್ಪಿಗೆ ಚಿಪ್ಪು ಬಡಿಯುತ್ತ, ಮುಚ್ಚಳ ಇಡದಿದ್ದರೆ ಹಾರಿ ನೆಲದ ಮೇಲೆ ನಡೆದೇ ಹೋಗುವಂಥದ್ದು. ಇವು ಹೊಟ್ಟೆ ಅರ್ಧ ಮೇಲೆ ಮಾಡಿಕೊಂಡು ಒಂದೇ ಕಡೆಗೆ ಸುತ್ತುತ್ತಿದ್ದವು. ಓಮಾ ಬಕೆಟ್ಟಿನ ಮೇಲೆ ಬಗ್ಗಿ ನಿಂತೇ ಇದ್ದಳು. ಎಷ್ಟು ದಿನದಿಂದ ಈ ಸಾರು ಕುಡಿದೆ, ಅದು ಹಾಲಾಗಿ ಎಲ್ಲಿಗೆ ಹೋಯಿತು ಎಂದು ಯೋಚಿಸಿದಳು. ಆ ರಾತ್ರಿಯಿಂದ ಸಾರನ್ನು ನೆಲದ ಹಲಗೆಯ ಸಂದಿಯಲ್ಲಿ ಸುರಿಯತೊಡಗಿದಳು.

ಈ ಪಾಲಿಶ್ ಚಾಚಾ ಎಂಬವನು ಯಾರೆಂದು ಹೇಳಬೇಕು. ಅವನನ್ನು ಬಿಟ್ಟು ಈ ಊರಿನ ಹಸ್ಸಾರಿನ ಕಥೆಯಿಲ್ಲ.

ತಾಯಿತಂದೆ ಇಟ್ಟ ಹೆಸರು ಜೈಕರನ್. ಓಮಾಳ ತೀರಿಕೊಂಡ ಮಾವನ ತಮ್ಮ. ಊರು ಮೊಣಕಾಲುದ್ದ ಕೆಸರಿನಲ್ಲಿರುವಾಗಲೂ ಇವನ ಕಪ್ಪು ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಸರು ಬಂದಲ್ಲಿ ಬೂಟು ಕಳಚಿ ಕೈಯಲ್ಲಿ ಹಿಡಿದು, ಸೇತುವೆ ಸಿಕ್ಕಿದಲ್ಲಿ ಕೂತು ಕಾಲು ಒರೆಸಿ, ಮತ್ತೆ ಹಾಕಿಕೊಂಡು ನಡೆಯುವವನು. ಹಾಗಾಗಿ ಪಾಲಿಶ್. ಆ ಹೆಸರಿನಲ್ಲಿರುವ ಹಾಸ್ಯ ಊರಿಗೆಲ್ಲ ಗೊತ್ತು, ಅವನೊಬ್ಬನಿಗೆ ಅದು ಬಿರುದು.

ಅವನ ಮನೆಯ ಕೆಳಗೆ, ಜೋಲಿ ಕಟ್ಟಿದ ತೊಲೆಗೆ, ಸಾಲಾಗಿ ಮೊಳೆ ಹೊಡೆದು ಟೋಪಿಗಳನ್ನು ನೇತುಹಾಕಿದ್ದ. ಅವನ ಜೀವನಚರಿತ್ರೆ ಎಂದರೆ ಆ ಟೋಪಿಗಳೇ. ಮೊದಲನೆಯದು ತೂಬು ಕಾಯುವವನದು. ಕಡಲಿನ ಇಳಿತಕ್ಕೆ ತೂಬು ತೆರೆಯಬೇಕು, ಉಬ್ಬರಕ್ಕೆ ಮುಚ್ಚಬೇಕು, ಇಷ್ಟೇ ಕೆಲಸ. ಒಂದು ಸಲ ತೆರೆದಿಟ್ಟು ಮಲಗಿದ. ಉಪ್ಪುನೀರು ನುಗ್ಗಿ ಅಣ್ಣನ ಗದ್ದೆಯೂ ಸೇರಿ ಅರ್ಧ ಊರಿನ ಭತ್ತ ಸುಟ್ಟುಹೋಯಿತು. ವಿಚಾರಣೆಗೆ ಬಂದವರ ಮುಂದೆ ಇವನು ನಿಂತು, “ಈ ತಿಂಗಳು ಚಂದ್ರಾನೇ ಸರಿಯಾಗಿ ಬರ್ಲಿಲ್ಲ ಸಾರ್” ಎಂದನಂತೆ. ಎರಡನೆಯದು ಕ್ರಿಕೆಟ್ ಅಂಪೈರಿನ ಬಿಳಿ ಟೋಪಿ. ರವೀನ್ ಹುಡುಗನಾಗಿದ್ದಾಗ ಅವನ ಸ್ಟಂಪು ಹಾರಿಹೋಗಿ ವಿಕೆಟ್ ಕೀಪರಿನ ಕಾಲಿಗೆ ಬಿದ್ದರೂ ಗಾಳಿಯ ಕಾರಣ ಕೊಟ್ಟು ಔಟಿಲ್ಲ ಎಂದವನು. ಆ ಋಣವನ್ನು ರವೀನ್ ಇವತ್ತಿಗೂ ತೀರಿಸುತ್ತಿದ್ದಾನೆ. ಮೂರನೆಯದು ಮಂದಿರದ ಧ್ವನಿವರ್ಧಕ ಸಮಿತಿಯದು. ಆ ಸಮಿತಿಯಲ್ಲಿ ಇದ್ದವನು ಇವನೊಬ್ಬನೇ. ಹೆಂಡತಿ ಬರ್ಬೀಸ್ ಕಡೆಯ ಅಕ್ಕನ ಮನೆಗೆ ಹೋಗಿ ವರ್ಷಗಳಾದವು, ಬಂದಿಲ್ಲ. ಕೇಳಿದವರಿಗೆ “ಅವ್ಳು ರೆಸ್ಟ್ ತಗೋತಿದಾಳೆ” ಎನ್ನುತ್ತಾನೆ. ಯಾವುದರಿಂದ ರೆಸ್ಟ್ ಎಂದು ಊರಿನಲ್ಲಿ ಯಾರೂ ಕೇಳಬೇಕಾಗಿಲ್ಲ.

ಕೊನೆಯ ಮೊಳೆಯ ಹಸಿರು ಟೋಪಿ ಹಸ್ಸಾರಿನದು.

ಹಿಂದೆ ಮಳೆ ಹಿಡಿದರೆ ಹಸ್ಸಾರ್ ರಸ್ತೆಗೇ ಬರುತ್ತಿತ್ತು ಎನ್ನುತ್ತಾರೆ. ಆಮೇಲೆ ಗದ್ದೆಯ ಔಷಧಿ, ಸಣ್ಣ ಕಣ್ಣಿನ ಬಲೆ, ಗೂಡಿನ ಅಪ್ಪನನ್ನೇ ಹಿಡಿಯುವ ಚಟ ಎಲ್ಲ ಸೇರಿ ಕಾಲುವೆ ಬರಿದಾಗುತ್ತ ಬಂತು. ಅಪ್ಪನನ್ನು ಎತ್ತಿದರೆ ಗೂಡಿನ ಮೊಟ್ಟೆ ಬೇರೆ ಮೀನಿನ ಬಾಯಿಗೆ. ಒಂದು ಮೀನು ತಿಂದವನು ಸಾವಿರ ಮೀನು ತಿಂದಂತೆ. ಪಟ್ಟಣದಿಂದ ಒಂದು ಸಂಘದವರು ಬಂದು, ಗೂಡು ಕಟ್ಟುವ ಮಳೆಗಾಲದಲ್ಲಿ ಯಾರೂ ಹಸ್ಸಾರ್ ಹಿಡಿಯಕೂಡದು ಎಂದು ಸಭೆ ಮಾಡಿದರು. ಊರಿನಿಂದಲೇ ಒಬ್ಬ ಕಾವಲುಗಾರ ಬೇಕು ಎಂದರು. ಸಭೆಗೆ ಬೂಟು ಹಾಕಿಕೊಂಡು ಬಂದವನು ಒಬ್ಬನೇ. ಅವನನ್ನು ಆರಿಸಿದರು. ಓದಿದವರು ಮನುಷ್ಯರನ್ನು ಆರಿಸುವ ರೀತಿ ಇದು. ಟೋಪಿ ಕೊಟ್ಟರು, ಸೀಟಿ ಕೊಟ್ಟರು, ದೋಣಿಗೆ ಎಂಜಿನ್ ಕೊಟ್ಟರು. ಸೇತುವೆಯ ತಲೆಯಲ್ಲಿ ದೊಡ್ಡ ಬೋರ್ಡು ನಿಲ್ಲಿಸಲು ದುಡ್ಡನ್ನೂ ಕೊಟ್ಟರು.

ಬಾವುಟದ ಉಪಾಯ ಮಾತ್ರ ಚಾಚಾನ ಸ್ವಂತದ್ದು. ಅವನ ಇಡೀ ಬದುಕಿನಲ್ಲಿ ಅವನಿಗೆ ಹೊಳೆದ ಒಂದೇ ಒಂದು ಬುದ್ಧಿವಂತಿಕೆ ಅದು. ಪೂಜೆಯಾದ ಮೇಲೆ ಪ್ರತಿ ಮನೆಯ ಅಂಗಳದಲ್ಲಿ ಹನುಮಂತನ ಕೆಂಪು ಝಂಡಿ ನೆಡುತ್ತಾರಲ್ಲ, ಅದನ್ನು ಯಾರೂ ಕೀಳುವುದಿಲ್ಲ. ಬಟ್ಟೆ ಹರಿದು ಚಿಂದಿಯಾಗಲಿ, ಬಿದಿರು ಕೊಳೆತು ತಾನೇ ಬೀಳಲಿ, ಕೈ ಹಾಕುವವರಿಲ್ಲ. ಚಾಚಾ ಪ್ರತಿ ಹಸ್ಸಾರ್ ಗೂಡಿನ ಪಕ್ಕ ಒಂದೊಂದು ಝಂಡಿ ನೆಟ್ಟ. ಅಷ್ಟೇ. ಹುಟ್ಟಿದಾಗಿನಿಂದ ಗೂಡಿಗೆ ಕೈ ಹಾಕಿ ಬೆಳೆದ ಗಂಡಸರು ಝಂಡಿ ಕಂಡು ದೋಣಿ ದೂರ ಹೊಡೆದರು. ಸೇತುವೆ ಪಕ್ಕದ ಅಂಗಡಿಯ ಮಿಸ್ ವಿನೆಟ್ ಚರ್ಚಿಗೆ ಹೋಗುವವಳು, ಅವಳ ಗಂಡುಮಕ್ಕಳು ಕೂಡ, “ಯಾವ ದೇವ್ರಾದ್ರೇನು, ಸಿಟ್ಟು ಸಿಟ್ಟೇ” ಎಂದು ಕೈ ಹಿಂದೆ ತೆಗೆದರು. ಪಟ್ಟಣದವರು ಚಪ್ಪಾಳೆ ತಟ್ಟಿದರು. ಜನರ ನಂಬಿಕೆಯಿಂದಲೇ ಮೀನಿನ ಉಳಿವು ಎಂದು ಎಲ್ಲೆಲ್ಲೋ ಬರೆದರು. ವರ್ಷಕ್ಕೊಮ್ಮೆ ದೋಣಿಯಲ್ಲಿ ಬಂದು ಬಾವುಟ ಎಣಿಸಿ, ಇಷ್ಟು ಗೂಡು ಉಳಿಯಿತು ಎಂದು ಸಂತೋಷಪಟ್ಟು ಹೋದರು. ಬಾವುಟದ ಕೆಳಗೆ ಬಗ್ಗಿ ನೋಡಿದವನು ಒಬ್ಬನೂ ಇಲ್ಲ.

ಹೀಗೆ ಊರಿನ ಭಕ್ತಿಯೆಲ್ಲ ಕಾವಲು ನಿಂತು ಕಾಲುವೆಯ ಹಸ್ಸಾರನ್ನು ಒಬ್ಬನಿಗೇ ಕಾದಿಟ್ಟಿತು. ಬಲೆ ಹಾಕಿದರೆ ನೊರೆ ಒಡೆದು ಗುಟ್ಟು ಗೊತ್ತಾಗುತ್ತದೆ, ಕೈ ಹಾಕಿದರೆ ಮುಳ್ಳು. ಆದ್ದರಿಂದ ಔಷಧಿ. ಒಂದು ದಿನ ಒಳ್ಳೆಯ ನೀರಿನಲ್ಲಿಟ್ಟರೆ ವಿಷವೆಲ್ಲ ತೊಳೆದುಹೋಗುತ್ತದೆ ಎಂದು ಅವನ ವಿಜ್ಞಾನ. ಹಾಗೆ ತೊಳೆದ ಮೀನು ಮಿನಿಬಸ್ಸಿನಲ್ಲಿ ಪಟ್ಟಣದ ಮಾರ್ಕೆಟ್ಟಿಗೆ ಹೋಗುತ್ತಿತ್ತು. ತೊಳೆಯಲು ಸೋಮಾರಿತನವಾದದ್ದು ಅಣ್ಣನ ಮನೆಗೆ ಬರುತ್ತಿತ್ತು.

ಮಂಗಳವಾರವೇ ಓಮಾ ಗಂಡನಿಗೆ ಹೇಳಿದಳು. ಮೆಟ್ಟಿಲಿಗೆ ತಗಲಿದ್ದ ಬಾಟಲಿಯನ್ನೂ ಎತ್ತಿ ತಂದು ತೋರಿಸಿದಳು.

ರವೀನ್ ರೊಟ್ಟಿ ಅಗಿಯುತ್ತ ಬಾಟಲಿ ನೋಡಿದ. “ಇದು ನಮ್ಮನೇಲೂ ಇದೆ. ಹಾಗಾದ್ರೆ ನಾನೂ ಕಳ್ಳನಾ?”

“ನಾನು ಕಣ್ಣಲ್ಲಿ ನೋಡ್ದೆ ರವೀನ್. ಗೂಡಿಗೆ ಸುರಿದ್ರು. ಮೀನು ಮಗ್ಗುಲಾಗಿ ಬಂತು.”

“ಇಲ್ಲಿಂದ ಅಲ್ಲಿಗೆ ನೀನು ಮುಚ್ಚಳದ ಬಣ್ಣ ನೋಡಿದ್ಯಾ? ಹೋದ ತಿಂಗ್ಳು ಹಗ್ಗ ನೋಡಿ ಹಾವು ಅಂದವ್ಳು ನೀನೇ ಅಲ್ವಾ?”

“ಬಕೆಟ್ಟಲ್ಲಿ ಮೀನು ಸುತ್ತುತಿತ್ತು...”

“ತಲೆ ಸುತ್ತಿರುತ್ತೆ. ನಿನ್ನ ಮಾತು ಕೇಳಿದ್ರೆ ನಂಗೂ ಸುತ್ತುತ್ತೆ. ಚಾಚಾ ಇಲ್ದೇ ಇದ್ರೆ ಈ ಟ್ರ್ಯಾಕ್ಟರ್ ಕೆಲ್ಸ ಇರ್ತಿರ್ಲಿಲ್ಲ ನೆನಪಿಟ್ಕೋ. ಭಾನುವಾರ ಪಟ್ಟಣದವ್ರು ಬರ್ತಿದಾರೆ. ಅವ್ರ ಮುಂದೆ ಬಾಯಿ ಬಿಟ್ಟೀಯ ಜೋಕೆ.”

ಅವನು ಕೆಟ್ಟವನಲ್ಲ. ಮಗು ಕೆಮ್ಮಿದರೆ ಎದ್ದು ಕೂರುತ್ತಾನೆ. ಆದರೆ ಬೆನ್ನುಮೂಳೆ ಬೇಕಾದ ಜಾಗದಲ್ಲಿ ಅವನಿಗೆ ದೇವರು ಚಿಕ್ಕಪ್ಪನನ್ನು ಇಟ್ಟಿದ್ದ.

ಮರುದಿನ ಅತ್ತೆಯ ಹತ್ತಿರ ಹೋದಳು. ಅತ್ತೆಯನ್ನು ಎಲ್ಲರೂ ಮಾಯಿ ಎನ್ನುತ್ತಿದ್ದರು. ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಮೊದಲ ತುತ್ತಿಗೆ ಖೀರು ಮಾಡೋಣ, ಎಲ್ಲರ ಮನೆಯಲ್ಲೂ ಖೀರೇ ತಾನೇ ಎಂದು ಓಮಾ ಮೆಲ್ಲಗೆ ಶುರುಮಾಡಿದಳು.

“ಖೀರು ಪಂಡಿತರ ಮನೆ ಮಕ್ಕಳಿಗೆ” ಎಂದಳು ಮಾಯಿ ತಲೆಯೆತ್ತದೆ. “ನಮ್ಮನೇಲಿ ಮೊದ್ಲಿಂದ ಹಸ್ಸಾರ್ ಸಾರೇ ನಾಲಿಗೆಗೆ ಹಚ್ಚೋದು. ರವೀನ್‌ಗೂ ಅದೇ, ಅವರಪ್ಪಂಗೂ ಅದೇ. ಮೈ ಚಿಪ್ಪಿನ ಹಾಗೆ ಗಟ್ಟಿಯಾಗುತ್ತೆ. ನಿಂಗೆ ಪಟ್ಟಣದಲ್ಲಿ ಖೀರು ತಿನ್ಸಿದ್ರಲ್ಲ, ನೋಡು, ಗಾಳಿ ಬೀಸಿದ್ರೆ ಅಳ್ತೀಯ.”

“ಮಾಯಿ, ಆ ಮೀನಿಗೆ ಔಷಧಿ ಹಾಕಿದಾರೆ.”

“ಯಾರು?”

“ಚಾಚಾ.”

ಮಾಯಿ ತುರಿಯುವುದನ್ನು ನಿಲ್ಲಿಸಿದಳು. “ಸಾರು ಹಲಗೆ ಸಂದೀಲಿ ಸುರಿತೀಯಲ್ಲ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಕೆಳಗೆ ನನ್ನ ಜೋಲಿ ಇದೆ ಕಣೇ. ನಿನ್ನೆ ತಲೆ ಮೇಲೇ ಬಿತ್ತು. ಹಾಲು ಸಾಲ್ದೆ ಮಗು ಅಳುತ್ತೆ, ನೀನು ನನ್ನ ಮೈದುನನ ಮೇಲೆ ಕಥೆ ಕಟ್ತೀಯ. ಝಂಡಿ ನೆಟ್ಟ ಕೈ ಅದು. ಝಂಡಿ ನೆಟ್ಟೋನು ಅಲ್ಲಿ ವಿಷ ಹಾಕ್ತಾನಾ?”

ಝಂಡಿಯ ಬಟ್ಟೆ ಕೆಂಪಾಗಿದ್ದರೆ ಸಾಕು, ಊರಿನ ಕಣ್ಣು ಅದರಿಂದ ಕೆಳಗೆ ಇಳಿಯುವುದಿಲ್ಲ.

ಗುರುವಾರ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಸೇತುವೆಯ ಬೋರ್ಡಿನ ಹತ್ತಿರ ಹೋದಳು. ಗಂಡನಿಗೆ ಕೊಟ್ಟ ಮಾತು ಒಂದು ಕಡೆ ಕಚ್ಚುತ್ತಿತ್ತು, ಆದರೂ ಹೋದಳು. ಬೋರ್ಡಿನ ಮೇಲೆ ಹಸ್ಸಾರಿನ ಚಿತ್ರ; ಬರೆದವನು ಮೀನಿಗೆ ಬೂಟು ಹಾಕುವುದೊಂದನ್ನು ಮರೆತಿದ್ದ. ಕೆಳಗೆ ದಪ್ಪ ಅಕ್ಷರ: ‘ಹಸ್ಸಾರಿಗೆ ಯಾರಾದರೂ ತೊಂದರೆ ಕೊಡುವುದು ಕಂಡರೆ ಈ ನಂಬರಿಗೆ ಫೋನ್ ಮಾಡಿ.’ ಅವಳು ನಂಬರನ್ನು ಫೋನಿನಲ್ಲಿ ಉಳಿಸಿಕೊಂಡು ಕರೆ ಮಾಡುವಷ್ಟರಲ್ಲಿ ಅಂಗಡಿಯ ಕಿಟಕಿಯಿಂದ ಮಿಸ್ ವಿನೆಟ್ ಕೂಗಿದಳು.

“ಬೇಡ ಮಗಳೇ, ದುಡ್ಡು ದಂಡ! ಅದು ಪಾಲಿಶ್ ನಂಬರ್ರೇ.”

“ಪಟ್ಟಣದ ಆಫೀಸಿಂದಲ್ವಾ?”

“ಅವ್ರು ಕೊಟ್ಟಿದ್ದು ಅವ್ರದ್ದೇ. ಬಣ್ಣ ಹೊಡೆಸೋವಾಗ ಇವ್ನು ತನ್ನದು ಬರೆಸ್ದ. ‘ದೊಡ್ಡೋರಿಗೆ ಯಾಕೆ ತೊಂದ್ರೆ ಕೊಡೋದು’ ಅಂತ ನನ್ನ ಹತ್ರಾನೇ ಹೇಳ್ದ. ನನ್ನ ದೊಡ್ಮಗ ಒಂದ್ಸಲ ಫೋನ್ ಮಾಡಿ, ಯಾರೋ ಕಾಲುವೇಲಿ ಮೀನು ಹಿಡೀತಿದಾರೆ ಅಂದ. ಪಾಲಿಶ್ ಏನಂದ ಗೊತ್ತಾ? ‘ನಾನಿಲ್ಲೇ ಇದೀನಪ್ಪಾ, ಯಾರೂ ಕಾಣ್ತಿಲ್ಲ’ ಅಂದ. ಕಾಲುವೆ ಮಧ್ಯದಿಂದ!” ಮಿಸ್ ವಿನೆಟ್ ಹೊಟ್ಟೆ ಹಿಡಿದು ನಕ್ಕಳು.

ಎಲ್ಲರಿಗೂ ಗೊತ್ತಿತ್ತು ಹಾಗಾದರೆ. ಗೊತ್ತಿದ್ದೂ ನಗುತ್ತಿದ್ದರು. ಓಮಾಳಿಗೆ ಅತ್ಯಂತ ಅಸಹ್ಯವಾದದ್ದು ಅದೇ. ಪಾಲಿಶ್ ಕದಿಯುವುದು ಈ ಊರಿಗೆ ಒಂದು ಮನರಂಜನೆ. “ನಗ್ತೀರಲ್ಲ, ವಿಷ ಹಾಕಿ ಹಿಡೀತಾರೆ ಅವ್ರು” ಎಂದಳು.

ಮಿಸ್ ವಿನೆಟ್‌ಳ ನಗು ಅರ್ಧಕ್ಕೆ ನಿಂತಿತು. “ಅದಕ್ಕೇ ಇರ್ಬೇಕು, ನಾನು ಹಸ್ಸಾರ್ ಬಿಟ್ಟು ಕೋಳಿ ತಿಂತೀನಿ” ಎಂದು ಕಿಟಕಿ ಅರ್ಧ ಎಳೆದುಕೊಂಡಳು. ಅವಳ ಸಮಾಜಸೇವೆ ಅಷ್ಟಕ್ಕೆ ಮುಗಿಯಿತು.

ಕಡೆಗೆ ಶನಿವಾರ ಚಾಚಾನನ್ನೇ ಕೇಳಿದಳು. ಅವನು ಇವರ ಮನೆಯ ಕೆಳಗೆ ಕೂತು ಮಾರನೆಯ ದಿನಕ್ಕೆ ಬೂಟಿಗೆ ಬಣ್ಣ ಹಚ್ಚುತ್ತಿದ್ದ. ಪಟ್ಟಣದವರ ಊಟ ಇಲ್ಲೇ ಎಂದು ಅವನೇ ತೀರ್ಮಾನಿಸಿದ್ದ. ಮಾಯಿಯಂತೆ ಹಸ್ಸಾರ್ ಸಾರು ಮಾಡುವವರು ಹೊಳೆಯುದ್ದಕ್ಕೂ ಇಲ್ಲವಂತೆ. ಹಸ್ಸಾರ್ ಉಳಿಸುವವರಿಗೆ ಮೊಟ್ಟೆಯಿಡುವ ಕಾಲದಲ್ಲಿ ಹಸ್ಸಾರಿನ ಊಟ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

“ಚಾಚಾ, ಗೂಡಿಗೆ ಏನು ಸುರಿತೀರಿ?”

ಬ್ರಷ್ಷು ನಿಲ್ಲಲಿಲ್ಲ. “ಯಾವ್ ಗೂಡು ಬೇಟಿ?”

“ಮಂಗಳವಾರ. ನಮ್ಮನೆ ಹಿಂದೆ.”

“ಓ, ಅದಾ! ತೆಂಗಿನೆಣ್ಣೆ. ನೊರೆಗೆ ಸೊಳ್ಳೆ ಕೂರ್ಬಾರ್ದು ಅಂತ.” ಚಾಚಾ ಬೂಟನ್ನು ಬೆಳಕಿಗೆ ಹಿಡಿದು ತನ್ನ ಮುಖ ನೋಡಿಕೊಂಡ. “ನೀನು ಓದಿದವ್ಳು, ನಿಂಗೆ ಹೇಳೋದೇನಿದೆ? ಇವೆಲ್ಲ ಸಂರಕ್ಷಣೆ ವಿಧಾನಗಳು.”

“ಮೀನು ಎತ್ತಿದ್ದು?”

“ಹುಷಾರಿಲ್ದಿರೋ ಮೀನು. ಆಸ್ಪತ್ರೆಗೆ ಸೇರ್ಸೋ ಹಾಗೆ ಒಳ್ಳೆ ನೀರಿಗೆ ಸೇರ್ಸಿ ಬಿಡ್ತೀನಿ.”

“ಆಸ್ಪತ್ರೆ ನಮ್ಮ ಸಾರಿನ ಪಾತ್ರೇಲಿದ್ಯಾ?”

ಈಗ ಬ್ರಷ್ಷು ನಿಂತಿತು. ಚಾಚಾ ಅವಳನ್ನು ನೋಡಿ ನಕ್ಕ. ಮಕ್ಕಳ ತಲೆ ಸವರುವ ನಗು. “ಹೆರಿಗೆ ಆದ್ಮೇಲೆ ಕೆಲವ್ರಿಗೆ ಹೀಗಾಗುತ್ತೆ. ನಿಮ್ಮ ಚಾಚೀಗೂ ಆಗಿತ್ತು. ರೆಸ್ಟ್ ತಗೋಬೇಕು. ನಾಳೆ ನಿನ್ನ ಮಗಳ ಫೋಟೋ ಪಟ್ಟಣದ ಪೇಪರಲ್ಲಿ ಬರುತ್ತೆ, ನನ್ನ ಕೈಯಿಂದ ತುತ್ತು ತಿಂತಿರೋದು. ಹಸ್ಸಾರ್ ಉಳಿಸ್ದೋನ ಕೈಯಿಂದ ಮುಂದಿನ ತಲೆಮಾರಿಗೆ. ಆ ಮೇಡಂಗೆ ಇಂಥಾದ್ದು ಬಹಳ ಇಷ್ಟ.” ಮತ್ತೆ ಬೂಟಿಗೆ ಉಗುಳು ಹಾಕಿ ಉಜ್ಜಿದ.

ಅವಳು ಮೇಲೆ ಬಂದಳು. ಮಗು ಜೋಲಿಯಲ್ಲಿ ಮಲಗಿ ತುಟಿ ಚೀಪುತ್ತಿತ್ತು. ಅಷ್ಟು ಚಿಕ್ಕ ನಾಲಿಗೆಗೆ ಎಷ್ಟು ಬೇಕು? ಒಂದು ಬೆರಳ ತುದಿಯಷ್ಟು ಸಾಕಲ್ಲವೇ? ಅಥವಾ ಏನೂ ಆಗುವುದಿಲ್ಲವೇ? ಈ ಊರೆಲ್ಲ ತಿಂದು ಬದುಕಿದೆಯಲ್ಲ. ನನ್ನ ತಲೆಯೇ ಸರಿಯಿಲ್ಲವೇ? ಅವಳು ಮೇಲಿನ ಹಲಗೆಯಿಂದ, ಮೆಟ್ಟಿಲಲ್ಲಿ ಸಿಕ್ಕಿದ್ದ ಹಸಿರು ಮುಚ್ಚಳದ ಬಾಟಲಿ ಇಳಿಸಿ, ಮೂತಿಯ ಹತ್ತಿರ ಮೂಗು ತಂದು, ಗಂಟಲು ಉರಿದು ಹಿಂದೆ ತೆಗೆದಳು. ಚಾಚಾನ ಮಾತಿನಲ್ಲಿ ಇದು ತೆಂಗಿನೆಣ್ಣೆ.

ಭಾನುವಾರ ಬೆಳಗಿನಿಂದ ಮನೆಯ ಕೆಳಗೆ ಗದ್ದಲ. ಮಾಯಿ ಹಸ್ಸಾರನ್ನು ಬೂದಿ ಹಾಕಿ ತಿಕ್ಕಿ, ನಿಂಬೆ ಹಿಂಡಿ, ಎಳೆಮಾವಿನಕಾಯಿ ಹೋಳು, ತೆಂಗಿನಹಾಲು ಹಾಕಿ ಕುದಿಸಿದಳು. ಊರಿಗೇ ಹಸಿವಾಗುವ ಪರಿಮಳ. ಓಮಾ ಮಗುವನ್ನೆತ್ತಿಕೊಂಡು ಹಿಂಜಗಲಿಗೆ ಸರಿದಳು. ಮಧ್ಯಾಹ್ನ ಇಬ್ಬರು ಬಂದರು: ಸಂಘದ ಮಿಸ್ ಅಡೇಲ್ ಎಂಬ ಕನ್ನಡಕದ ಹೆಂಗಸು, ಕ್ಯಾಮೆರಾ ಹೊತ್ತ ಒಬ್ಬ. ದೋಣಿಯಲ್ಲಿ ಹೋಗಿ ಬಾವುಟ ಎಣಿಸಿದ್ದೂ ಆಗಿತ್ತು. ಕಳೆದ ವರ್ಷಕ್ಕಿಂತ ಹೆಚ್ಚಿವೆಯಂತೆ. ಹೆಚ್ಚದೆ ಏನು? ಬಟ್ಟೆಗೇನು ಬರವೇ?

ಮಾಯಿ ಮೇಲೆ ಬಂದು ಶಿವಾನಿಗೆ ಹೊಸ ಹಳದಿ ಅಂಗಿ ತೊಡಿಸಿ ಎತ್ತಿಕೊಂಡಳು.

“ಮಾಯಿ, ಬೇಡ. ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳು, ಬೇಡ ಅಂದೋರ್ಯಾರು? ಆಶೀರ್ವಾದ ಮಾಡ್ತೀನಿ” ಎಂದು ಮಾಯಿ ಇಳಿದೇ ಹೋದಳು.

ಹಿಂದೆಯೇ ಓಮಾ ಮೆಟ್ಟಿಲಿಗೆ ಬಂದಳು. ಕೆಳಗಿನ ಮೆಟ್ಟಿಲಲ್ಲಿ ರವೀನ್ ಅಡ್ಡ ನಿಂತಿದ್ದ. ಅತಿಥಿಗಳ ಕಡೆ ನಗುಮುಖ ಇಟ್ಟುಕೊಂಡೇ ಹಲ್ಲು ಕಚ್ಚಿ ಹೇಳಿದ: “ಮೇಲೆ ಹೋಗು. ಈಗ್ಲೇ ಅಳ್ತಿದೀಯ. ಎಲ್ರ ಮುಂದೆ ನನ್ನ ಮಾನ ಕಳೀಬೇಡ.”

“ಅವಳಿಗೆ ತಿನ್ಸಬೇಡ ಅನ್ನು ರವೀನ್. ಒಂದು ಮಾತು. ನೀನೇ ಅನ್ನು.”

“ಹೋಗು ಅಂದ್ನಲ್ಲ.” ಅವಳ ತೋಳು ಹಿಡಿದು ಮೆಲ್ಲಗೆ, ನೋಡಿದವರಿಗೆ ಪ್ರೀತಿಯೆನ್ನಿಸುವಷ್ಟು ಮೆಲ್ಲಗೆ, ಹಿಂದಕ್ಕೆ ತಿರುಗಿಸಿದ.

ಅವಳು ಅಡುಗೆಮನೆಗೆ ಬಂದು ನಿಂತಳು. ನೆಲದ ಹಲಗೆಯ ಸಂದಿಯಿಂದ ಕೆಳಗಿನದೆಲ್ಲ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು: ಹಸಿರು ಟೋಪಿ, ಹೊಳೆಯುವ ಬೂಟು, ಮಾಯಿಯ ತೊಡೆಯ ಮೇಲಿನ ಹಳದಿ ಅಂಗಿ. ಮಾತು ಒಂದೊಂದೂ ಸ್ಪಷ್ಟವಾಗಿ ಮೇಲೆ ಬರುತ್ತಿತ್ತು.

“ಇದು ಹಸ್ಸಾರ್ ಅಲ್ವಾ? ಈ ಕಾಲದಲ್ಲಿ?” ಮಿಸ್ ಅಡೇಲ್ ಕೇಳಿದಳು.

“ಕೆರೇಲಿ ಸಾಕಿದ್ದು ಮೇಡಂ. ಕಾಲುವೆ ಮೀನು ಮುಟ್ಟಿದ್ರೆ ನನ್ನ ಕೈ ಬಿದ್ದೋಗ್ಲಿ. ಝಂಡಿ ಆಣೆ.”

“ಎಷ್ಟು ಚೆನ್ನಾಗಿದೆ!” ಎಂದಳು ಮಿಸ್ ಅಡೇಲ್. ಆಣೆಗೋ ಸಾರಿಗೋ ತಿಳಿಯಲಿಲ್ಲ. “ಅಲ್ಲ, ಆ ಬೋರ್ಡಿನ ನಂಬರ್‌ಗೆ ಜನ ಫೋನ್ ಮಾಡ್ತಾರಾ?”

“ಹಗಲೂ ರಾತ್ರಿ ಮೇಡಂ! ಊಟಕ್ಕೆ ಬಿಡಲ್ಲ. ಈಗ ನೋಡಿ, ಅಪರೂಪಕ್ಕೆ ಸುಮ್ಮನಿದೆ.” ಚಾಚಾ ಜೇಬಿನ ಫೋನನ್ನು ತೆಗೆದು ಎಲ್ಲರಿಗೂ ಕಾಣುವಂತೆ ತಟ್ಟೆಯ ಪಕ್ಕ ಇಟ್ಟ. “ಬನ್ನಿ, ಮೊದ್ಲು ಮಗೂಗೆ ತುತ್ತು. ಫೋಟೋ ರೆಡಿನಾ? ಟೋಪಿ ಸರಿಯಾಗಿ ಬರುತ್ತಾ?”

ಬಟ್ಟಲಿಗೆ ಬೆರಳು ಇಳಿಯಿತು. ಕ್ಯಾಮೆರಾದವನು “ಇನ್ನೂ ಸ್ವಲ್ಪ ಈ ಕಡೆ ತಿರುಗಿ ಅಂಕಲ್” ಎಂದ. ಚಾಚಾ ತಿರುಗಿದ. “ಬೂಟೂ ಬರ್ಲಿ” ಎಂದ. ಶಿವಾನಿ ಬೆರಳು ಬರುತ್ತಿರುವುದು ಕಂಡು, ಯಾರು ಏನು ಕೊಟ್ಟರೂ ತೆಗೆದುಕೊಳ್ಳುವ ಆ ವಯಸ್ಸಿನ ನಂಬಿಕೆಯಲ್ಲಿ, ಬಾಯಿ ತೆರೆದಳು.

ಗುರುವಾರ ಉಳಿಸಿಕೊಂಡಿದ್ದ ನಂಬರ್ ಓಮಾಳ ಫೋನಿನಲ್ಲಿ ಹಾಗೇ ಇತ್ತು. ಅವಳು ಒತ್ತಿದಳು.

ಕೆಳಗೆ ತಟ್ಟೆಯ ಪಕ್ಕ ಒಂದು ಹಳೆಯ ಹಿಂದಿ ಹಾಡು ಜೋರಾಗಿ ಎದ್ದಿತು. ಬೆರಳು ಗಾಳಿಯಲ್ಲಿ ನಿಂತಿತು. ಚಾಚಾನ ಮುಖದಲ್ಲಿ ಬೇಸರ ಬಂದು, ಅರೆಗಳಿಗೆಯಲ್ಲಿ ಅದು ಹಿಗ್ಗಾಗಿ ಬದಲಾದದ್ದು ಮೇಲಿನ ಸಂದಿಯಿಂದಲೂ ಕಂಡಿತು. ಸೊಸೆಯ ನಂಬರನ್ನು ಹೆಸರು ಹಾಕಿ ಇಟ್ಟುಕೊಳ್ಳುವುದು ಅವನ ಅಂತಸ್ತಿಗೆ ಕಡಿಮೆ. ಯಾರ ಫೋನೋ ಅವನಿಗೇನು ಗೊತ್ತು?

“ನೋಡಿದ್ರಾ ಮೇಡಂ? ಹೇಳ್ದೆ ತಾನೇ! ಭಾನುವಾರಾನೂ ಬಿಡಲ್ಲ. ತಾಳಿ, ನೀವೂ ಕೇಳಿ, ಜನ ಎಷ್ಟು ಜಾಗೃತರಾಗಿದಾರೆ ಅಂತ.” ಸಾರು ಅಂಟದ ಕೈಯಿಂದ ಫೋನ್ ಎತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ, ಕ್ಯಾಮೆರಾದ ಕಡೆಗೆ ಹಿಡಿದು ಗಂಟಲು ಸರಿಮಾಡಿಕೊಂಡ. “ಹಸ್ಸಾರ್ ರಕ್ಷಣಾ ಅಧಿಕಾರಿ ಜೈಕರನ್ ಮಾತಾಡ್ತಿದೀನಿ. ಹಸ್ಸಾರ್‌ಗೆ ಯಾರು ತೊಂದ್ರೆ ಕೊಡ್ತಿದಾರೆ? ಹೆದರ್ಬೇ‍ಡಿ, ಧೈರ್ಯವಾಗಿ ಹೇಳಿ.”

“ನೀವೇ ಚಾಚಾ” ಎಂದಳು ಓಮಾ. ಮೇಲಿನ ಅಡುಗೆಮನೆಯಲ್ಲಿ ಆಡಿದ ಅವಳ ಮಾತು ಕೆಳಗೆ ಮೇಜಿನ ಮೇಲೆ ಗಟ್ಟಿಯಾಗಿ ಬಿತ್ತು. “ನಾನು ಓಮಾ. ನನ್ನ ಮಗಳ ಬಾಯಿಂದ ಕೈ ತೆಗೀರಿ. ಮಿಸ್ ಅಡೇಲ್, ತಿನ್ಬೇಡಿ, ತಟ್ಟೆ ಕೆಳಗಿಡಿ. ಅದು ಕೆರೆ ಮೀನಲ್ಲ, ನಿಮ್ಮ ಬಾವುಟದ ಕೆಳಗಿನ ಮೀನು. ಭತ್ತದ ಹುಳದ ಔಷಧಿ ಹಾಕಿ ಹಿಡಿದಿದ್ದು. ನನ್ನ ಮಾತು ನಂಬ್ಬೇಡಿ, ಇಲ್ಲಿ ಯಾರೂ ನಂಬಲ್ಲ. ಆ ಸಾರನ್ನೇ ಪಟ್ಟಣಕ್ಕೆ ತಗೊಂಡ್ಹೋಗಿ ಪರೀಕ್ಷೆ ಮಾಡ್ಸಿ. ಈಗ ದೋಣೀಲಿ ಬನ್ನಿ, ಬಾವುಟ ಎಣಿಸ್ಬೇಡಿ, ಕೆಳಗೆ ಬಗ್ಗಿ ನೋಡಿ. ನಾನು ಬಾಟಲಿ ತಗೊಂಡು ಇಳೀತಿದೀನಿ.”